ದೊರೆಗೆ ಸೆಖೆ

ಏಪ್ರಿಲ್ ೨

ಮಾವ ಬಂದರು. ಮಾವನ ಜೊತೆ ನಾಯಿಯೂ ಬಂತು.

ಇವರು ಹಡಗು ಹತ್ತುವ ಮುಂಚೆ ಹೇಳಿದ್ದು ‘ಅಪ್ಪ ಬರ್ತಾರೆ, ನಾನು ವಾಪಸ್ ಬರೋವರೆಗೆ ನಿನ್ನ ಹತ್ರ ಇರ್ಲಿ’ ಅಂತ ಮಾತ್ರ. ನಾಯಿಯ ವಿಷಯವನ್ನು ನೀಟಾಗಿ ನುಂಗಿಕೊಂಡಿದ್ದರು. ಹಡಗಿನಲ್ಲಿ ಊರಷ್ಟು ಜನಕ್ಕೆ ಬೇಯಿಸಿ ಹಾಕುವ ಮನುಷ್ಯನಿಗೆ ಹೆಂಡತಿಗೆ ಒಂದು ಮಾತು ಹೇಳುವುದಕ್ಕೆ ಪುರುಸೊತ್ತಿಲ್ಲ. ಕಾರಿನಿಂದ ಮೊದಲು ಇಳಿದದ್ದು ನಾಯಿ, ಆಮೇಲೆ ಟ್ರಂಕು, ಕೊನೆಗೆ ಮಾವ.

ಅದು ಅತ್ತೆಯ ನಾಯಿ. ಚಳಿ ದೇಶದ ತಳಿ, ಕರುವಿನಷ್ಟು ಎತ್ತರ, ಮೈತುಂಬ ಬಿಳಿ ಉಣ್ಣೆ. ಅತ್ತೆ ಅದಕ್ಕೆ ದೊರೆ ಅಂತ ಹೆಸರಿಟ್ಟು, ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ಕೂತು ಬಾಚುತ್ತಿದ್ದರು. ನಾನು ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ ಬದುಕುವವಳು. ಈ ಬೀದಿಯ ಅರ್ಧ ತಲೆಗಳು ನನ್ನ ಕೈಯಲ್ಲಿ ಹಾದುಹೋಗಿವೆ. ಅತ್ತೆ ಮಾತ್ರ ತಮ್ಮ ತಲೆಗೆ ಒಂದು ದಿನವೂ ನನ್ನ ಕೈ ತಾಕಿಸಿಕೊಳ್ಳಲಿಲ್ಲ. ‘ನಿನಗ್ಯಾಕಮ್ಮ ತೊಂದ್ರೆ’ ಅಂದು ಸೆರಗು ಹೊದ್ದು ಎದ್ದುಬಿಡುತ್ತಿದ್ದರು. ನಾಯಿಗೆ ಆಗುತ್ತಿದ್ದ ಉಪಚಾರ ನೋಡಿ ನನಗೆ ಹೊಟ್ಟೆ ಉರಿದದ್ದೂ ಉಂಟು. ಚಳಿಗಾಲದಲ್ಲಿ ಅತ್ತೆ ಹೋದರು. ಈಗ ದೊರೆಗಳು ನನ್ನ ಮನೆಗೆ ದಯಮಾಡಿಸಿದ್ದಾರೆ.

ಮನೆ ಅಂದರೆ ಎಷ್ಟು? ಕೆಳಗೆ ಮುಂದುಗಡೆ ಸಲೂನು, ಹಿಂದೆ ಅಡುಗೆಮನೆ, ನನ್ನ ಕೋಣೆ. ಮೇಲೆ ಒಂದೇ ಕೋಣೆ, ಅದರ ಮೇಲೆ ಬೋಳು ತಾರಸಿ. ಆ ಕೋಣೆ ಮಾವನಿಗೆ ಮತ್ತು ನಾಯಿಗೆ. ಎಸಿ ಇರುವುದು ಸಲೂನಿನಲ್ಲಿ ಮಾತ್ರ, ಅದೂ ಗಿರಾಕಿಗಳಿಗೋಸ್ಕರ.

ನಾದಿನಿಗೆ ಫೋನ್ ಮಾಡಿದೆ. ಅವಳದು ದೊಡ್ಡ ಫ್ಲಾಟು, ಕೋಣೆಗೊಂದು ಎಸಿ. ‘ಮಕ್ಕಳ ಪರೀಕ್ಷೆ ಒಂದು ಮುಗೀಲಿ ಅತ್ತಿಗೆ, ಆಮೇಲೆ ಇಬ್ಬರನ್ನೂ ನಾನೇ ಬಂದು ಕರ್ಕೊಂಡು ಹೋಗ್ತೀನಿ’ ಅಂದಳು. ಆ ಪರೀಕ್ಷೆ ಬೇಗ ಮುಗಿಯಲಿ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಬರೆಯದಿದ್ದರೆ ಗಿರಾಕಿಗಳ ಮುಂದೆ ಬಾಯಿಬಿಟ್ಟುಬಿಡುತ್ತೇನೆ. ಸಲೂನಿನಲ್ಲಿ ಬಿಟ್ಟ ಬಾಯಿ ಸಂಜೆಯೊಳಗೆ ಬೀದಿ ಸುತ್ತಿ ಬರುತ್ತದೆ.

ಏಪ್ರಿಲ್ ೯

ಸೆಖೆ ಏರುತ್ತಿದೆ. ನಾಯಿ ಇಡೀ ದಿನ ನಾಲಿಗೆ ಹೊರಗೆ ಹಾಕಿಕೊಂಡು ಏದುಸಿರು ಬಿಡುತ್ತದೆ. ಕೆಳಗೆ ಕತ್ತರಿ ಹಿಡಿದು ನಿಂತರೂ ಆ ಸದ್ದು ಮೆಟ್ಟಿಲಿಳಿದು ಬಂದು ಕಿವಿಯಲ್ಲಿ ಕೂರುತ್ತದೆ. ಗಿರಾಕಿ ಏನೋ ಕೇಳುತ್ತಾರೆ, ನಾನು ಹ್ಞೂಂ ಅನ್ನುತ್ತೇನೆ. ಇವತ್ತು ಹೀಗೇ ಹ್ಞೂಂ ಅಂದು ಒಬ್ಬಾಕೆಯ ಮುಂಗೂದಲು ಹುಬ್ಬು ಬಿಟ್ಟು ಹಣೆಯ ಮಧ್ಯಕ್ಕೆ ಹೋಯಿತು. ಆಕೆ ಕನ್ನಡಿ ನೋಡಿ ಎದ್ದುಹೋದಳು.

ಮಧ್ಯಾಹ್ನ ಊಟ ತೆಗೆದುಕೊಂಡು ಮೇಲೆ ಹೋದರೆ, ಟೇಬಲ್ ಫ್ಯಾನು ನಾಯಿಯ ಮೂತಿಗೆ ತಿರುಗಿದೆ. ಮಾವ ಗೋಡೆಗೆ ಒರಗಿ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ.

‘ಮಾವ, ಫ್ಯಾನ್ ಇಟ್ಟಿದ್ದು ನಿಮಗೆ.’

‘ನಾನು ಬಿಸಿಲಲ್ಲೇ ಬದುಕಿದೋನಮ್ಮ. ಏಣಿ ಮೇಲೆ ನಿಂತು ಊರ ಮನೆಗಳಿಗೆಲ್ಲ ಸುಣ್ಣಬಣ್ಣ ಬಳಿದಿದೀನಿ. ಅದು ಪಾಪ, ಕಂಬಳಿ ಹೊದ್ಕೊಂಡೇ ಹುಟ್ಟಿದೆ.’

‘ಕೆಳಗೆ ಬಂದು ಸಲೂನಲ್ಲಿ ಕೂರಿ ಮತ್ತೆ.’

‘ಹೆಂಗಸರು ತಲೆ ಬಿಚ್ಕೊಂಡು ಕೂರೋ ಜಾಗ ಅದು. ನಾನು ಬಂದು ಕೂತ್ರೆ ನಿನ್ನ ವ್ಯಾಪಾರ ಕೆಡುತ್ತೆ.’

ಮಾತು ನಿಜವಾದ್ದರಿಂದ ನಾನು ಒತ್ತಾಯ ಮಾಡಲಿಲ್ಲ. ಅವರು ಸೂರಿನ ಕಡೆ ನೋಡಿ, ‘ಈ ತಾರಸಿಗೆ ಎರಡು ಕೈ ಸುಣ್ಣ ಬಿದ್ರೆ ಕೋಣೆ ತಂಪಾಗುತ್ತೆ, ನಾನೇ ಹೊಡೆದುಬಿಡ್ಲಾ?’ ಅಂದರು. ಈ ವಯಸ್ಸಿನಲ್ಲಿ ಬೇಡ, ಯಾರನ್ನಾದರೂ ಕರೆಸೋಣ ಅಂದೆ.

ನನಗೆ ಇರುವ ಹೆದರಿಕೆ ಒಂದೇ. ಈ ನಾಯಿಗೆ ಇಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ, ಅತ್ತೆಯ ಮೇಲಿನ ಸಿಟ್ಟನ್ನು ಸೊಸೆ ನಾಯಿಯ ಮೇಲೆ ತೀರಿಸಿಕೊಂಡಳು ಅನ್ನುತ್ತಾರೆ. ನಾದಿನಿ ಬಾಯಿಬಿಟ್ಟು ಅನ್ನುವುದಿಲ್ಲ. ಇವರೂ ಅನ್ನುವುದಿಲ್ಲ. ಅನ್ನದೆ ಇರುವುದೇ ಜಾಸ್ತಿ ಚುಚ್ಚುತ್ತದೆ.

ಏಪ್ರಿಲ್ ೧೬

ಕೂದಲು ತೆಗೆದುಬಿಟ್ಟೆ.

ಇವತ್ತು ಸಲೂನಿಗೆ ರಜ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನಾಯಿಯನ್ನು ಮಧ್ಯ ನಿಲ್ಲಿಸಿ, ಟ್ರಿಮ್ಮರ್ ಆಡಿಸಿದೆ. ಸೆಖೆಗೆ ಮನುಷ್ಯರೇ ಗಿಡ್ಡ ಮಾಡಿಸಿಕೊಂಡು ಹಾಯಾಗಿ ಹೋಗುತ್ತಾರೆ, ಇದಕ್ಕೆ ಯಾಕೆ ಬೇಡ? ಇಷ್ಟು ದಿನ ಹೊಳೆಯಲಿಲ್ಲವಲ್ಲ ಅಂತ ನನ್ನನ್ನೇ ಬೈದುಕೊಂಡೆ. ಉಣ್ಣೆ ರಾಶಿರಾಶಿಯಾಗಿ ಬಿತ್ತು. ಒಳಗಿನಿಂದ ಗುಲಾಬಿ ಬಣ್ಣದ ಬಡಕಲು ಪ್ರಾಣಿಯೊಂದು ಹೊರಗೆ ಬಂತು. ಬಾಲದ ತುದಿಗೆ ಮಾತ್ರ ಒಂದು ಕುಚ್ಚು ಬಿಟ್ಟೆ, ಶೋಕಿಗೆ.

ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಬಗ್ಗಿ ಒಂದು ಹಿಡಿ ಉಣ್ಣೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ನಾಯಿಗೆ ನಾಚಿಕೆಯಾದ ಹಾಗಿತ್ತು. ಮೇಲೆ ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡಿತು. ಆಗಲಿ, ಇನ್ನು ಮೇಲೆ ತಂಪಾಗಿರುತ್ತದೆ. ಕೂದಲಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಏಪ್ರಿಲ್ ೧೮

ಏದುಸಿರು ಕಡಿಮೆಯಾಗಲಿಲ್ಲ. ಜಾಸ್ತಿಯಾಗಿದೆ.

ಬೆನ್ನು ಕೆಂಪಗಾಗಿದೆ. ಮುಟ್ಟಿದರೆ ಕುಂಯ್ ಅನ್ನುತ್ತದೆ. ಅನ್ನ ಮೂಸಿ ನೋಡಿ ಮುಖ ತಿರುಗಿಸಿತು. ಏನು ಮಾಡಿಬಿಟ್ಟೆ ನಾನು?

ಏಪ್ರಿಲ್ ೧೯

ನಾಯಿ ಡಾಕ್ಟರ ಹತ್ತಿರ ಹೋಗಿ ಬಂದೆವು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮಾತ್ರ ಖಾರ.

‘ಯಾರು ಬೋಳಿಸಿದ್ದು ಇದನ್ನ?’

‘ನಾನೇ ಡಾಕ್ಟ್ರೇ. ಸೆಖೆಗೆ ಅಂತ. ನಾನು ಕೂದಲು ಕೆಲಸದವಳೇ.’

‘ಮನುಷ್ಯರ ಕೂದಲು ಕೆಲಸ. ಈ ಜಾತಿ ನಾಯಿಗೆ ಎರಡು ಪದರ ಕೂದಲಿರುತ್ತೆ. ಚಳಿಗೆ ಕಂಬಳಿ ಅದೇ, ಬಿಸಿಲಿಗೆ ಛತ್ರಿನೂ ಅದೇ. ನೀವು ಛತ್ರಿ ಕಿತ್ಕೊಂಡು ಬಿಸಿಲಲ್ಲಿ ನಿಲ್ಲಿಸಿದ್ದೀರಿ. ದಿನಾ ಬಾಚಿ ಉದುರಿದ ಕೂದಲು ತೆಗೆದಿದ್ರೆ ಸಾಕಿತ್ತು, ಗಾಳಿ ಆಡ್ತಿತ್ತು.’

ಬಾಚಿದ್ದರೆ ಸಾಕಿತ್ತಂತೆ. ಅತ್ತೆ ಹೊಸ್ತಿಲ ಮೇಲೆ ಕೂತು ಮಾಡುತ್ತಿದ್ದದ್ದು ಬರೀ ಮುದ್ದು ಅಂದುಕೊಂಡಿದ್ದೆ. ಡಾಕ್ಟರ ಮುಂದೆ ನಿಂತು ಕಿವಿಯವರೆಗೆ ಬಿಸಿಯಾಯಿತು.

ಬೆನ್ನಿಗೆ ಮುಲಾಮು ಕೊಟ್ಟರು. ತೆಳ್ಳಗಿನ ಹತ್ತಿ ಬಟ್ಟೆ ತೊಡಿಸಿ, ಬಿಸಿಲಿಗೆ ಬಿಡಲೇಬೇಡಿ ಅಂದರು. ತಿರುಗಾಡಿಸುವುದಿದ್ದರೆ ಹೊತ್ತು ಹುಟ್ಟುವ ಮುಂಚೆ, ಅದೂ ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿಟ್ಟು ನೋಡಿ, ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯುವುದಿಲ್ಲ ಅಂದರು. ಕುಸಿದು ಬಿದ್ದರೆ ಏನು ಮಾಡಬೇಕು ಅಂತ ನಾನೇ ಕೇಳಿದೆ. ನೆರಳಿಗೆ ತರಬೇಕು. ಹೊಟ್ಟೆ, ಕಂಕುಳು, ತೊಡೆಯ ಸಂದು, ಪಾದ, ಇಲ್ಲೆಲ್ಲ ನಲ್ಲಿ ನೀರು ಹಾಕಿ ಗಾಳಿ ಬೀಸಬೇಕು. ದಪ್ಪ ಒದ್ದೆ ಟವೆಲ್ ಹೊದಿಸಿ ಮುಚ್ಚಬಾರದು, ಒಳಗಿನ ಕಾವು ಒಳಗೇ ಉಳಿಯುತ್ತದೆ. ಎಚ್ಚರ ಇಲ್ಲದಾಗ ಬಾಯಿಗೆ ನೀರು ಹುಯ್ಯಲೇಬಾರದು. ‘ಮೊದಲು ತಂಪು ಮಾಡಿ, ಆಮೇಲೆ ನನ್ನ ಹತ್ರ ಓಡಿ ಬನ್ನಿ. ತಿರುಗಾಮುರುಗಾ ಮಾಡಬೇಡಿ’ ಅಂದರು. ಆಟೋದಲ್ಲಿ ಅದನ್ನೇ ಮಗ್ಗಿ ಹೇಳಿಕೊಂಡ ಹಾಗೆ ಹೇಳಿಕೊಳ್ಳುತ್ತ ಬಂದೆ.

ಮನೆಗೆ ಬಂದು ಮಾವನನ್ನು ಕೇಳಿದೆ, ‘ನೀವಾದ್ರೂ ಯಾಕೆ ತಡೀಲಿಲ್ಲ?’

‘ಕೂದಲು ನಿನ್ನ ಕಸುಬು. ನಾನು ಹೆಂಗೆ ಬಾಯಿ ಹಾಕ್ಲಿ? ಸುಣ್ಣದ ವಿಷಯ ಬಂದಾಗ ನಾನು ಮಾತಾಡ್ತೀನಿ, ಆಗ ನೀನು ಸುಮ್ನಿರು.’

ನಗು ಬಂತು. ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಏಪ್ರಿಲ್ ೨೪

ಇವರ ಹಳೆಯ ಬಿಳಿ ಅಂಗಿಯ ತೋಳು ಕತ್ತರಿಸಿ ದೊರೆಗೆ ತೊಡಿಸಿದ್ದೇನೆ. ಕಾಲರ್ ಇದೆ, ಗುಂಡಿ ಇದೆ. ಆಫೀಸಿಗೆ ಹೊರಟ ಗುಮಾಸ್ತನ ಹಾಗೆ ಕಾಣುತ್ತದೆ. ಬೆಳಿಗ್ಗೆ ಕತ್ತಲಿರುವಾಗಲೇ ರಸ್ತೆಗೆ ಕೈ ಒತ್ತಿ ನೋಡಿ ತಿರುಗಾಡಿಸುತ್ತೇನೆ. ಹಾಲಿನವನು ನಿಂತು, ‘ಏನ್ ಬಿತ್ತಕ್ಕ ರಸ್ತೇಲಿ?’ ಅಂತ ಹುಡುಕಿಕೊಡಲು ಬಂದ.

ಹಗಲಿಗೆ ದೊರೆಯನ್ನು ಸಲೂನಿಗೇ ತಂದುಬಿಟ್ಟೆ. ತಲೆ ತೊಳೆಯುವ ಬೇಸಿನ್ನಿನ ಕೆಳಗೆ ಟೈಲ್ಸು ತಣ್ಣಗಿರುತ್ತದೆ, ಅಲ್ಲಿ ಮಲಗುತ್ತದೆ. ಬ್ಯಾಂಕಿನ ಮೇಡಂ ಬಂದವರು ಕಾಲು ಮೇಲೆತ್ತಿಕೊಂಡು, ‘ಏನ್ರೀ ಇದು? ನಾಯಿ ಇದ್ದ ಕಡೆ ನಾನು ಕೂರಲ್ಲ’ ಅಂದರು. ಹದಿನೈದು ದಿನಕ್ಕೊಮ್ಮೆ ಬರುವ, ನನ್ನ ಒಳ್ಳೆಯ ಗಿರಾಕಿ. ಇಂಥವರನ್ನು ಕಳೆದುಕೊಂಡು ನಾನು ಬದುಕುವ ಹಾಗಿಲ್ಲ. ಆದರೂ ನನ್ನ ಬಾಯಿಂದ, ‘ಅದಕ್ಕೆ ಮೈ ಹುಷಾರಿಲ್ಲ ಮೇಡಂ, ನೀವು ಬೇಕಾದ್ರೆ ಸಂಜೆ ಬನ್ನಿ’ ಅಂತ ಬಂತು. ಅವರು ಗೊಣಗಿಕೊಂಡೇ ಕೂತರು. ಏಳುವಾಗ ಅಂಗಿಯ ಕಾಲರ್ ನೋಡಿ ನಕ್ಕರು.

ಕೂದಲು ಒದ್ದೆ ಮಾಡುವ ಸ್ಪ್ರೇ ಬಾಟಲಿಯಿಂದ ಆಗಾಗ ದೊರೆಯ ಹೊಟ್ಟೆಗೆ, ಪಾದಕ್ಕೆ ನೀರು ಹೊಡೆಯುತ್ತೇನೆ. ಕಣ್ಣು ಮುಚ್ಚಿಕೊಂಡು ಕಾಲು ಚಾಚುತ್ತಾನೆ.

ಏಪ್ರಿಲ್ ೩೦

ಕರೆಂಟು ಹೋಗಿ ಬಂದು ಮಾಡುತ್ತಿದೆ. ಎಸಿ ನಿಂತ ಕೂಡಲೇ ನನ್ನ ಎದೆಯೂ ನಿಂತ ಹಾಗಾಗುತ್ತದೆ. ಕಾವೇರಿದೆಯೋ ಅಂತ ದೊರೆಯ ಒಸಡಿನ ಬಣ್ಣ ನೋಡುತ್ತೇನೆ, ಜೊಲ್ಲು ಅಂಟಂಟಾಗಿದೆಯೋ ಅಂತ ಮುಟ್ಟಿ ನೋಡುತ್ತೇನೆ. ಗಿರಾಕಿಗಳ ಕಣ್ಣೆದುರಿಗೇ ನಾಯಿಯ ಬಾಯಿಗೆ ಬೆರಳು ಹಾಕಿ, ಕೈ ತೊಳೆದು ಮತ್ತೆ ಕತ್ತರಿ ಹಿಡಿಯುವುದು. ಯಾರಾದರೂ ಇನ್ನೂ ಬರುತ್ತಿದ್ದಾರಲ್ಲ, ಅದೇ ಆಶ್ಚರ್ಯ.

ಮಧ್ಯಾಹ್ನ ಅವನ ನೀರಿನ ಬಟ್ಟಲು ಬರಿದಾಗಿತ್ತು. ಮೇಲೆ ಹೋದಾಗ ಮಾವನ ಚೊಂಬಿನಲ್ಲಿ ಬೆಳಿಗ್ಗೆ ಇಟ್ಟ ನೀರು ಹಾಗೇ ಇತ್ತು. ಬೇರೆ ನೀರು ಹಿಡಿಯುವಷ್ಟು ತಾಳ್ಮೆ ಇರಲಿಲ್ಲ, ಅದನ್ನೇ ತಂದು ಬಟ್ಟಲಿಗೆ ಸುರಿದೆ. ಮಾವ ಮಲಗಿದ್ದರು. ಈಚೆಗೆ ಜಾಸ್ತಿ ಮಲಗುತ್ತಾರೆ. ಒಳ್ಳೆಯದೇ, ಹೊತ್ತು ಹೋಗುತ್ತದೆ.

ಮೇ ೪

ನಾದಿನಿ ಫೋನ್ ಮಾಡಿದಳು. ಪರೀಕ್ಷೆ ಮುಗಿಯಿತಂತೆ. ಈಗ ಅವಳ ಮನೆಗೆ ಬಣ್ಣ ಹೊಡೆಸುತ್ತಿದ್ದಾರಂತೆ. ಬಣ್ಣದ ಕೆಲಸದಲ್ಲೇ ಜೀವ ತೇಯ್ದ ಅಪ್ಪನ ಮಗಳು, ಬಣ್ಣದ ವಾಸನೆ ಅಪ್ಪನಿಗೆ ಆಗುವುದಿಲ್ಲ ಅನ್ನುತ್ತಾಳೆ! ನನಗೆ ತಡೆಯಲಾಗಲಿಲ್ಲ.

‘ನೋಡೇ, ಮೇಲಿನ ಕೋಣೆ ಕೋಣೆಯಲ್ಲ, ಒಲೆ. ಇಲ್ಲಿಟ್ಟುಕೊಂಡು ಈ ನಾಯಿನ ಉಳಿಸೋದು ನನ್ನ ಕೈಲಾಗಲ್ಲ. ನಾಳೆ ಅದು ಸತ್ರೆ ನನ್ನ ತಲೆಗೆ ಕಟ್ಟಬೇಡಿ, ಈಗಲೇ ಹೇಳಿದೀನಿ’ ಅಂದು ಫೋನ್ ಇಟ್ಟೆ.

ತಿರುಗಿದರೆ ಮೆಟ್ಟಿಲ ಮೇಲೆ ಮಾವ ತಟ್ಟೆ ಹಿಡಿದು ನಿಂತಿದ್ದರು. ಕೇಳಿಸಿತೋ ಇಲ್ಲವೋ.

‘ಇಲ್ಲಿ ಸುಣ್ಣ ಎಲ್ಲಿ ಸಿಗುತ್ತಮ್ಮ?’ ಅಂದರು.

ಯಾವ ಗುಂಗಿನಲ್ಲಿದ್ದೆನೋ, ಮೂಲೆಯ ಹಾರ್ಡ್‌ವೇರ್ ಅಂಗಡಿಯ ದಾರಿ ಹೇಳಿದೆ.

ಮೇ ೭

ಆಸ್ಪತ್ರೆ. ಇವತ್ತು ಏನೂ ಬರೆಯಲಾರೆ.

ಮೇ ೮

ಇವತ್ತು ಬರೆದು ಕೆಳಗಿಡುತ್ತೇನೆ, ಇಲ್ಲದಿದ್ದರೆ ಇದು ತಲೆಯಲ್ಲಿ ಸುತ್ತುವುದು ನಿಲ್ಲುವುದಿಲ್ಲ.

ನಿನ್ನೆ ಬೆಳಿಗ್ಗೆ ಬ್ಯಾಂಕಿನ ಮೇಡಂಗೆ ತಲೆಗೆ ಬಣ್ಣ ಹಚ್ಚಿ, ತಲೆ ತುಂಬ ಫಾಯಿಲ್ ಹಾಳೆ ಸುತ್ತಿ ಕೂರಿಸಿದ್ದೆ. ಬಗ್ಗಿ ನೋಡಿದರೆ ಬೇಸಿನ್ನಿನ ಕೆಳಗೆ ದೊರೆ ಇಲ್ಲ. ಅಡುಗೆಮನೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ಮಾವನ ಕೋಣೆಯಲ್ಲೂ ಇಲ್ಲ. ಮಾವನೂ ಇರಲಿಲ್ಲ, ಅಂಗಡಿಗೆ ಹೋಗಿರಬೇಕು ಅಂದುಕೊಂಡೆ. ತಾರಸಿಗೆ ಹೋಗುವ ಮೆಟ್ಟಿಲ ತುದಿಯಲ್ಲಿ, ಅರೆತೆರೆದ ಬಾಗಿಲಿಗೆ ಅಡ್ಡವಾಗಿ ದೊರೆ ಮಲಗಿದ್ದ. ಬಿಸಿಲು ನೇರ ಅವನ ಮೇಲೆ. ಅಂಗಿ ಪಕ್ಕಕ್ಕೆ ಸರಿದು ಬೆನ್ನು ಬಯಲಾಗಿತ್ತು. ನಾಲಿಗೆ ಮಾರುದ್ದ.

ನನಗೆ ಸಿಟ್ಟು ನೆತ್ತಿಗೇರಿತು. ‘ಸಾಯೋಕೆ ಇದೇ ಜಾಗ ಬೇಕಿತ್ತೇನೋ ನಿನಗೆ!’ ಅಂತ ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಬಂದೆ. ಅವನು ಕಾಲೂರಿ ಬರುವುದಿಲ್ಲ ಅಂದ. ಎತ್ತಿಕೊಂಡೇ ಇಳಿದೆ. ಬೇಸಿನ್ನಿನ ಕೆಳಗೆ ಹಾಕಿ, ನೀರು ಹೊಡೆದು, ಮೇಡಂ ಕಡೆ ತಿರುಗುವಷ್ಟರಲ್ಲಿ ಮತ್ತೆ ಎದ್ದು ಮೆಟ್ಟಿಲು ಹತ್ತಿಬಿಟ್ಟ. ಆಗಲೂ ನನಗೆ ಬೇರೆ ಏನೂ ಹೊಳೆಯಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ನಾನು ಎರಡನೇ ಸಲ ಹತ್ತಿ ಹೋದದ್ದು ತಾರಸಿ ಬಾಗಿಲಿಗೆ ಚಿಲಕ ಹಾಕುವುದಕ್ಕೆ.

ಬಾಗಿಲು ಎಳೆದುಕೊಳ್ಳುತ್ತಿದ್ದೆ. ಚಿಲಕದ ಮೇಲೆ ಕೈಯಿತ್ತು. ಸಂದಿಯಲ್ಲಿ ಒಂದು ಬಕೆಟ್ಟು ಕಂಡಿತು. ಸುಣ್ಣದ ಬಕೆಟ್ಟು ನಮ್ಮ ತಾರಸಿಯಲ್ಲಿ ಯಾಕಿದೆ ಅನಿಸಿತು. ಅಷ್ಟೇ. ಆ ಬಕೆಟ್ಟು ಇನ್ನೊಂದು ಗೇಣು ಆಚೆ ಇದ್ದಿದ್ದರೆ ನಾನು ಚಿಲಕ ಹಾಕಿ ಕೆಳಗಿಳಿದು ಮೇಡಂ ತಲೆ ತೊಳೆಯುತ್ತಿದ್ದೆ.

ಅರ್ಧ ತಾರಸಿ ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ಬಿಳಿ ಎಲ್ಲಿ ಮುಗಿದಿತ್ತೋ ಅಲ್ಲಿ ಮಾವ ಬಿದ್ದಿದ್ದರು, ಬ್ರಷ್ಷು ಕೈಯಲ್ಲೇ ಇತ್ತು. ಮುಖ ಕೆಂಪಗೆ, ಒಣಗಿ, ಮುಟ್ಟಿದರೆ ಕಾದ ಹೆಂಚು. ‘ಮಾವ’ ಅಂದರೆ ಏನೋ ತೊದಲಿದರು. ಅತ್ತೆಯನ್ನು ಕರೆದ ಹಾಗಿತ್ತು.

ಹೇಗೆ ಕೂಗಿದೆನೋ, ಮೇಡಂ ತಲೆತುಂಬ ಹಾಳೆ ಇಟ್ಟುಕೊಂಡೇ ಓಡಿ ಬಂದರು. ಇಬ್ಬರೂ ಹಿಡಿದು ಕೋಣೆಗೆ ಇಳಿಸಿದೆವು. ಕೋಣೆಯೂ ಒಲೆಯೇ. ಅಲ್ಲಿಂದ ಮೆಟ್ಟಿಲುಮೆಟ್ಟಿಲು ಇಳಿಸಿ ಸಲೂನಿನ ಟೈಲ್ಸಿನ ಮೇಲೆ, ಎಸಿಯ ಎದುರಿಗೆ ಮಲಗಿಸಿದೆವು. ‘ಆಂಬುಲೆನ್ಸಿಗೆ ಫೋನ್ ಮಾಡಿ ಮೇಡಂ’ ಅಂದೆ. ಅಂಗಿ ಕಿತ್ತು ಹಾಕಿದೆ. ಕಂಕುಳು, ತೊಡೆಯ ಸಂದು, ಕುತ್ತಿಗೆ, ಪಾದ. ಆಟೋದಲ್ಲಿ ಹೇಳಿಕೊಂಡ ಮಗ್ಗಿ ತಾನಾಗೇ ಬಂತು. ಸ್ಪ್ರೇ ಬಾಟಲಿ ಸಾಲಲಿಲ್ಲ, ತಲೆ ತೊಳೆಯುವ ಪೈಪನ್ನೇ ಎಳೆದು ಬಿಟ್ಟೆ. ಕೂದಲು ಒಣಗಿಸುವ ಯಂತ್ರವನ್ನು ತಣ್ಣನೆ ಗಾಳಿಗೆ ತಿರುಗಿಸಿ ಮೇಡಂ ಕೈಗೆ ಕೊಟ್ಟೆ. ಅವರು ದೊಡ್ಡ ಟವೆಲ್ ಒದ್ದೆ ಮಾಡಿ ಹೊದಿಸಲು ಬಂದರು, ಬೇಡ ಅಂದೆ. ಲೋಟದಲ್ಲಿ ನೀರು ತಂದು ಬಾಯಿಗೆ ಹಿಡಿದರು, ಲೋಟ ತಳ್ಳಿಬಿಟ್ಟೆ.

‘ಬಾಯಾರಿ ಬಿದ್ದಿದಾರೆ, ಒಂದು ಗುಟುಕು ಕೊಡೋದು ಬೇಡ್ವೇನ್ರೀ?’

‘ಎಚ್ಚರ ಬರೋವರೆಗೆ ಕೊಡಬಾರದು ಮೇಡಂ. ಡಾಕ್ಟ್ರು ಹೇಳಿದಾರೆ.’

ಯಾವ ಡಾಕ್ಟ್ರು ಅಂತ ಅವರು ಕೇಳಲಿಲ್ಲ. ದೊರೆ ಮಾವನ ಪಾದದ ಹತ್ತಿರ ಒದ್ದೆ ನೆಲದಲ್ಲಿ ಮಲಗಿ ನನ್ನನ್ನೇ ನೋಡುತ್ತಿದ್ದ. ಅವನನ್ನು ಎಳೆದು ತಂದ ಕೈ ನನ್ನದು.

ಮೇ ೧೦

ಮಾವ ಕಣ್ಣು ಬಿಟ್ಟು ಮಾತಾಡಿದರು. ಗಂಡಾಂತರ ಕಳೆಯಿತು ಅಂದರು ಡಾಕ್ಟರು. ಇನ್ನು ಸ್ವಲ್ಪ ಹೊತ್ತು ಅದೇ ಬಿಸಿಲಲ್ಲಿ ಬಿದ್ದಿದ್ದರೆ ಕಷ್ಟವಿತ್ತಂತೆ. ‘ಬರೋಕೆ ಮುಂಚೆನೇ ಮೈ ತಂಪು ಮಾಡಿದ್ದೀರಲ್ಲ, ಅದೇ ಉಳಿಸಿದ್ದು. ಯಾರು ಹೇಳಿಕೊಟ್ಟಿದ್ದು?’ ಅಂತ ಕೇಳಿದರು. ನಾಯಿ ಡಾಕ್ಟ್ರು ಅಂದೆ. ತಮಾಷೆ ಅಂದುಕೊಂಡು ನಕ್ಕರು. ನಾನೂ ನಕ್ಕೆ, ನಗುತ್ತಲೇ ಕಣ್ಣೀರು ಬಂದುಬಿಟ್ಟಿತು.

ಮಾವ ನನ್ನನ್ನು ಕಂಡ ಕೂಡಲೇ ಕೇಳಿದ್ದು, ‘ದೊರೆ ಹೆಂಗಿದಾನೆ?’

‘ಅವನಿಗೇನು, ಚೆನ್ನಾಗಿದಾನೆ. ನೀವು ಯಾಕೆ ಹೋದಿರಿ ಮೇಲೆ?’

‘ತಾರಸಿ ತಂಪಾದ್ರೆ ನಾಯಿ ಉಳಿಯುತ್ತೆ, ನಾಯಿ ಉಳಿದ್ರೆ ನಿನಗೆ ನೆಮ್ಮದಿ ಅಂತ ಹೋದೆ. ಬೆಳಿಗ್ಗೇನೇ ಮುಗಿಸೋಣ ಅಂತಿದ್ದೆ. ಒಂದು ಕಡೆ ಬೆಳ್ಳಗಾಗ್ತಾ ಬಂದ ಮೇಲೆ ಬಿಟ್ಟು ಏಳೋಕೆ ಮನಸ್ಸು ಬರಲಿಲ್ಲಮ್ಮ, ಕಸುಬು ನೋಡು.’ ನೆತ್ತಿ ಸವರಿಕೊಂಡು, ‘ಎಚ್ಚರ ಆದ ತಕ್ಷಣ ತಲೆ ಮುಟ್ಟಿ ನೋಡ್ಕೊಂಡೆ. ಸೆಖೆಗೆ ಅಂತ ನನಗೂ ಬೋಳಿಸಿಬಿಟ್ಟಿದೀಯೇನೋ ಅಂತ’ ಅಂದರು.

ಆ ದಿನ ಫೋನಿನಲ್ಲಿ ಆಡಿದ ಮಾತು ಅವರಿಗೆ ಕೇಳಿಸಿತ್ತು. ಈಗ ಖಾತ್ರಿಯಾಯಿತು. ಕ್ಷಮೆ ಕೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನರ್ಸು ಬಂದರು.

ಮೇ ೧೫

ಮಾವ ಮನೆಗೆ ಬಂದು ಎರಡು ದಿನ. ಇನ್ನು ಮೇಲಿನ ಕೋಣೆಗೆ ಹಗಲು ಹೊತ್ತು ಹೋಗುವ ಹಾಗಿಲ್ಲ ಅಂತ ಅಪ್ಪಣೆ ಮಾಡಿದ್ದೇನೆ. ಸಲೂನಿನ ಒಂದು ಮೂಲೆಗೆ ಪರದೆ ಕಟ್ಟಿ ಮಂಚ ಹಾಕಿದ್ದೇನೆ. ಗಿರಾಕಿಗಳು ಪರದೆಯ ಈಚೆ, ಮಾವ ಆಚೆ, ದೊರೆ ಎರಡೂ ಕಡೆ. ಹೊತ್ತುಹೊತ್ತಿಗೆ ಲೋಟ ಕೈಗೆ ಕೊಟ್ಟು, ಬರಿದಾಗುವವರೆಗೆ ಎದುರಿಗೇ ನಿಂತಿರುತ್ತೇನೆ. ‘ಅದರ ಬಾಯಿಗೆ ಬೆರಳು ಹಾಕಿ ನೋಡ್ತಿದ್ದೆ, ನನಗೂ ಹಾಕ್ತೀಯೇನೋ’ ಅಂತ ಮಾವ ಬೇಗಬೇಗ ಕುಡಿಯುತ್ತಾರೆ.

ಬ್ಯಾಂಕಿನ ಮೇಡಂ ಬಂದಿದ್ದರು. ಆ ದಿನ ಬಣ್ಣ ಹೊತ್ತುಮೀರಿ ಕೂತು ಅವರ ಕೂದಲು ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಸರಿ ಮಾಡುತ್ತೇನೆ ಬನ್ನಿ ಅಂದರೆ, ಇರಲಿ ಬಿಡಿ, ಬ್ಯಾಂಕಿನಲ್ಲಿ ಎಲ್ಲರಿಗೂ ಕಥೆ ಹೇಳಿಯಾಗಿದೆ ಅಂದರು. ದೊರೆಗೆ ಅಂತ ಮಗನ ಹಳೆಯ ಅಂಗಿ ತಂದುಕೊಟ್ಟರು. ಬಣ್ಣದ್ದು, ಚೌಕಳಿ.

ಸಂಜೆ ಬಾಗಿಲು ಹಾಕಿದ ಮೇಲೆ ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಕೂದಲು ಕತ್ತರಿಸಿದೆ. ಊರಿಂದ ಬಂದಾಗಿನಿಂದ ಕತ್ತರಿ ಕಾಣದೆ ಕಿವಿಯ ಮೇಲೆ ಬೆಳೆದು ಕೂತಿತ್ತು. ಅರ್ಧ ಆಗುವಾಗ ಅವರು ಕನ್ನಡಿಯಲ್ಲಿ ನೋಡುತ್ತ ಹೇಳಿದರು.

‘ನಿಮ್ಮತ್ತೆ ನಿನ್ನ ಹತ್ರ ತಲೆ ಕೊಡ್ತಿರಲಿಲ್ಲ, ನಿನಗೆ ಬೇಜಾರಿತ್ತು ಅಲ್ವಾ?’

‘ಅದೆಲ್ಲ ಈಗ ಯಾಕೆ ಮಾವ.’

‘ನೆತ್ತಿ ಮೇಲೆ ಅಷ್ಟಗಲ ಉದುರಿ ಹೋಗಿತ್ತಮ್ಮ ಅವಳಿಗೆ. ಗಂಟಿನೊಳಗೆ ಸುಳ್ಳುಕೂದಲು ಇಟ್ಕೊಂಡು ಮುಚ್ಚುತ್ತಿದ್ಲು. ಕಸುಬಿನೋಳ ಕೈಗೆ ಸಿಕ್ಕಿದ್ರೆ ಗೊತ್ತಾಗಿಬಿಡುತ್ತೆ ಅಂತ ನಾಚಿಕೆ. ಸೊಸೆ ನಗ್ತಾಳೆ ಅಂತ ಭಯ.’

ಕತ್ತರಿ ಹಿಡಿದು ಹಾಗೇ ನಿಂತುಬಿಟ್ಟೆ. ನಾನು ನಗುತ್ತಿದ್ದೆನೆ? ಗೊತ್ತಿಲ್ಲ. ಹತ್ತಾರು ಉಪಾಯ ಇತ್ತು ನನ್ನ ಹತ್ತಿರ, ಒಂದಾದರೂ ಹೇಳಬಹುದಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೇ ೧೯

ಹೊತ್ತು ಹುಟ್ಟುವ ಮುಂಚೆ ತಾರಸಿಗೆ ಹೋಗಿ ಉಳಿದ ಅರ್ಧಕ್ಕೆ ಸುಣ್ಣ ಹೊಡೆಯಲು ಶುರುಮಾಡಿದ್ದೇನೆ. ಮಾವ ಕೆಳಗಿನ ಅಂಗಳದಿಂದಲೇ, ‘ತೆಳ್ಳಗೆ ಬಳಿ, ಒಂದೇ ಕಡೆಗೆ ಎಳಿ, ಕೂದಲು ಬಾಚೋ ಹಂಗೆ’ ಅಂತ ಕೂಗುತ್ತಾರೆ. ಬಿಸಿಲು ಬಿದ್ದ ಕೂಡಲೇ ಇಳಿದುಬಿಡುತ್ತೇನೆ. ಹಾಗಾಗಿ ಕೆಲಸ ಸಾಗುವುದೇ ಇಲ್ಲ.

ಮಧ್ಯಾಹ್ನ ನಾದಿನಿ ಕಾರು ತೆಗೆದುಕೊಂಡು ಬಂದಳು. ಕಣ್ಣು ಬಾತುಕೊಂಡಿತ್ತು ಪಾಪ, ದಾರಿಯುದ್ದಕ್ಕೂ ಅತ್ತಿದ್ದಳು.

‘ನಾನೇ ಮೊದಲು ಬರಬೇಕಿತ್ತು ಅತ್ತಿಗೆ. ಒಬ್ಬರೇ ಎಷ್ಟು ಒದ್ದಾಡಿದಿರಿ. ಈಗ ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ, ನಿಮಗಿನ್ನು ಯಾವ ತಲೆನೋವೂ ಬೇಡ.’

‘ಈ ಬಿಸಿಲಲ್ಲಿ ಪ್ರಯಾಣವೇ? ಚೆನ್ನಾಗಿದೆ!’ ಅಂದೆ.

‘ಕಾರಲ್ಲಿ ಎಸಿ ಇದೆ ಅತ್ತಿಗೆ.’

‘ಇಳಿದು ಹತ್ತೋವಾಗ ಇರಲ್ವಲ್ಲ. ಒಳಗೆ ತಂಪು, ಹೊರಗೆ ಕೆಂಡ, ಆಗ ಮಾವನಿಗೆ ನೆಗಡಿ ಹಿಡಿಯುತ್ತೆ. ದೊರೆಗೂ ಕಾರಿನ ಎಸಿ ಆಗಲ್ಲ, ಡಾಕ್ಟ್ರು ಹೇಳಿದಾರೆ.’

ಡಾಕ್ಟರು ಹಾಗೇನೂ ಹೇಳಿಲ್ಲ. ಅಲ್ಲಿ ನೆಲ ಜಾರುತ್ತದೆ, ಮಾವ ಬಿದ್ದಾರು ಅಂದೆ. ಲಿಫ್ಟಿನಲ್ಲಿ ದೊರೆಗೆ ಗಾಬರಿಯಾಗುತ್ತದೆ ಅಂದೆ. ತಾರಸಿಯ ಕೆಲಸ ಅರ್ಧಕ್ಕೆ ನಿಂತಿದೆ, ಹೇಳಿಕೊಡುವವರು ಬೇಡವೇ ಅಂದೆ. ಪರದೆಯಾಚೆ ಮಾವ ಕೆಮ್ಮಿದರು, ನಕ್ಕ ಹಾಗೆ ಕೇಳಿಸಿತು.

‘ಹಾಗಾದ್ರೆ ಬಿಸಿಲು ಇಳೀಲಿ. ಮೊದಲ ಮಳೆ ಬಿದ್ದ ಮಾರನೇ ದಿನವೇ ಬರ್ತೀನಿ’ ಅಂದು ಹೋದಳು. ಸದ್ಯ, ಮಳೆಗೆ ಇನ್ನೂ ಬೇಕಾದಷ್ಟು ದಿನ ಇದೆ.

ಮೇ ೨೬

ದೊರೆಯ ಬೆನ್ನಿನ ಮೇಲೆ ಹೊಸ ಕೂದಲು ಬಂದಿದೆ. ಅಂಗೈ ಆಡಿಸಿದರೆ ಬ್ರಷ್ಷಿನ ಹಾಗೆ ಚುಚ್ಚುತ್ತದೆ. ಬಾಚುವಷ್ಟು ಉದ್ದವಿಲ್ಲ, ಆದರೂ ಬೆಳಿಗ್ಗೆ ಹೊಸ್ತಿಲ ಮೇಲೆ ಕೂತು ಮೆತ್ತನೆ ಬ್ರಷ್ಷಿನಿಂದ ಎಳೆಯುತ್ತೇನೆ. ಮಾವ ಪಕ್ಕದಲ್ಲಿ ಪೇಪರ್ ಓದುತ್ತಾರೆ. ಇವತ್ತು ಪೇಪರ್ ಮಡಿಸಿ, ‘ಮಳೆ ಬೇಗ ಬರುತ್ತಂತಮ್ಮ ಈ ಸಲ. ನಾಳೆ ನಾಳಿದ್ದರಲ್ಲೇ’ ಅಂದರು. ಅಂದು ನನ್ನ ಮುಖ ನೋಡಿದರು. ನಾನು ದೊರೆಯ ಕಿವಿ ನೋಡುತ್ತ ಕೂತೆ.

ಬೀದಿಯಲ್ಲಿ ಎಲ್ಲರೂ ಖುಷಿಯಾಗಿದ್ದಾರೆ. ಹಾಲಿನವನು ಕೂಡ ಮೋಡ ತೋರಿಸಿ ಹಲ್ಲು ಕಿರಿದ. ಸಂಜೆ ಗಾಳಿ ತಣ್ಣಗೆ ಬೀಸಿತು. ಎಷ್ಟು ದಿನದಿಂದ ಈ ಗಾಳಿಗೆ ಬಾಯಿಬಿಟ್ಟುಕೊಂಡು ಕಾದಿದ್ದೆ. ಬಂದಾಗ ಯಾಕೋ ಎದೆ ಧಸಕ್ಕೆಂದಿತು.

ಮಲಗುವ ಮುಂಚೆ ತಾರಸಿಗೆ ಹೋಗಿ ನೋಡಿ ಬಂದೆ. ಉಳಿದ ಜಾಗಕ್ಕೆ ಸುಣ್ಣ ಹೊಡೆಯುವುದು ಇನ್ನೂ ಮುಗಿದಿಲ್ಲ. ಮೋಡ ತುಂಬಾ ಕೆಳಗೆ ಇಳಿದಿದೆ. ಇನ್ನೊಂದು ನಾಲ್ಕು ದಿನ ಬಿಸಿಲು ಕಾದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?